ಗರಿನಕ್ಷತ್ರದ ಗಂಟು

“ಜೋಪಾನ ಮೇಡಂ! ಅದು ಕೈ ಜಾರಿದ್ರೆ ನನ್ನ ಕೆಲಸಾನೂ ಅದ್ರ ಹಿಂದೇನೇ ನೆಲಕ್ಕೆ ಬೀಳುತ್ತೆ,” ಎಂದರು ವಸ್ತುಸಂಗ್ರಹಾಲಯದ ಜಾಡಿಗಳ ಹೊಣೆ ಹೊತ್ತಿದ್ದ ಡಾಕ್ಟರಮ್ಮ.

ಇಕ್ಕಳ ಎಂದು ಎಲ್ಲರೂ ಕರೆಯುವ ಪತ್ತೇದಾರಿಣಿ ಜಾಡಿಯನ್ನು ಎರಡು ಕೈಯಲ್ಲೂ ಭದ್ರವಾಗಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದಳು. ಮುಚ್ಚಳದ ಅಂಚಿಗೆ ಬಳಿದಿದ್ದ ವ್ಯಾಸಲೀನು ಅವಳ ಬೆರಳಿಗೆಲ್ಲ ಮೆತ್ತಿಕೊಂಡಿತ್ತು. ಸ್ಪಿರಿಟ್ಟಿನ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರಾಡುತ್ತಿತ್ತು.

“ಕನ್ನಡಕ ಇಲ್ದೆ ಏನೂ ಕಾಣ್ತಿಲ್ಲ ಡಾಕ್ಟರಮ್ಮ. ಆ ಚೀಲದಲ್ಲಿದೆ. ನನ್ನ ಕೈಯೆಲ್ಲಾ ಜಿಡ್ಡು, ಸ್ವಲ್ಪ ತೆಗೆದುಕೊಡ್ತೀರಾ?”

ಮೇಜಿನ ಮೇಲೆ ಅವಳ ಹಳೆಯ ಬಟ್ಟೆಚೀಲ ಕುಳಿತಿತ್ತು, ಬಾಯಿಗೆ ದಾರ ಬಿಗಿಸಿಕೊಂಡು. ಡಾಕ್ಟರಮ್ಮ ಜಾಡಿಯಿಂದ ಕಣ್ಣು ಕೀಳದೆಯೇ ಕೈಚಾಚಿದರು. ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಚೀಲದ ಬಾಯಿ ತೆರೆದು, ಕನ್ನಡಕ ತೆಗೆದು, ತಾವೇ ಅವಳ ಮೂಗಿನ ಮೇಲೆ ಏರಿಸಿದರು.

“ದೊಡ್ಡ ಉಪಕಾರವಾಯ್ತು,” ಎಂದಳು ಇಕ್ಕಳ.

ಅವಳ ಬಾಯಿಂದ ಹೊತ್ತು ಹೊತ್ತಿಗೂ ಬರುವ ಮಾತದು. ಬಾಗಿಲು ತೆರೆದವನಿಗೆ ಉಪಕಾರವಾಯ್ತು, ದಾರಿ ಬಿಟ್ಟವನಿಗೆ ಉಪಕಾರವಾಯ್ತು, ಕೊನೆಗೆ ಸುಳ್ಳು ಹೇಳಿ ಸಿಕ್ಕಿಬಿದ್ದ ಕಳ್ಳನಿಗೂ ಉಪಕಾರವಾಯ್ತು. ಪೊಲೀಸ್ ಇಲಾಖೆಯಲ್ಲಿ ಇದನ್ನು ಕೇಳಿ ನಕ್ಕವರೇ ಅವಳಿಗೆ ‘ಇಕ್ಕಳ’ ಎಂದು ಹೆಸರಿಟ್ಟರು, ಇಷ್ಟು ನಯವಾಗಿ ಮಾತಾಡುವವಳು ಒಮ್ಮೆ ಹಿಡಿದರೆ ಬಿಡುವುದಿಲ್ಲವಲ್ಲ ಎಂದು. ನಿವೃತ್ತಿಯಾದ ಮೇಲೆ ಇಲಾಖೆ ಅವಳನ್ನು ಬಿಟ್ಟಿತು, ಹೆಸರು ಬಿಡಲಿಲ್ಲ. ಈಗ ಖಾಸಗಿಯಾಗಿ ಪತ್ತೇದಾರಿಕೆ ಮಾಡುವಾಗಲೂ ಜನ ಅದೇ ಹೆಸರು ಕೇಳಿಕೊಂಡು ಬರುತ್ತಿದ್ದರು.

ವಸ್ತುಸಂಗ್ರಹಾಲಯಕ್ಕೆ ಅವಳನ್ನು ಕರೆಸಿದ್ದು ಈ ಜಾಡಿಯ ಸಲುವಾಗಿ. ಹೊರಗಿನಿಂದ ಬಂದ ಪಂಡಿತರೊಬ್ಬರು ಇದರೊಳಗಿನ ಪ್ರಾಣಿಯನ್ನು ಸೂಕ್ಷ್ಮದರ್ಶಕದಡಿ ನೋಡಿ ‘ಇದು ಅದಲ್ಲ’ ಎಂದು ಹೇಳಿ ಹೋದಾಗಿನಿಂದ ಇಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿರಲಿಲ್ಲ.

‘ಅದು’ ಎಂದರೆ ಒಂದು ಗರಿನಕ್ಷತ್ರ. ನೋಡಲು ಹಕ್ಕಿಯ ಗರಿಗಳನ್ನೆಲ್ಲ ಒಂದು ಗುಂಡಿಯ ಸುತ್ತ ಹೊಲಿದಂತಿರುವ ಕಡಲಪ್ರಾಣಿ. ಈ ಸಂಗ್ರಹವನ್ನು ಕಟ್ಟಿದ ಮೇಷ್ಟ್ರು ಉಷ್ಣವಲಯದ ಕಡಲುಗಳಲ್ಲಿ ಸರ್ವೇ ಮಾಡುತ್ತ ಹವಳದ ದಿಬ್ಬದಿಂದ ತಂದದ್ದು. ಆ ಜಾತಿಯನ್ನು ಲೋಕಕ್ಕೆ ಮೊದಲು ಪರಿಚಯಿಸಿದ್ದು ಇದೊಂದೇ ಪ್ರಾಣಿಯಿಂದ. ಆದ್ದರಿಂದ ಅದು ಮೂಲ ಮಾದರಿ. ಎಲ್ಲೇ ಯಾರೇ ‘ನನಗೂ ಅಂಥದ್ದು ಸಿಕ್ಕಿತು’ ಎಂದರೆ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದು ಕಳೆದರೆ ಅಳತೆಗೋಲೇ ಕಳೆದುಹೋದಂತೆ.

ಕೋಣೆಯ ಸುತ್ತ ಮರದ ಕಪಾಟುಗಳು. ಅವುಗಳಲ್ಲಿ ಮೇಷ್ಟ್ರ ಜೀವಮಾನದ ದುಡಿಮೆ: ಮುಳ್ಳುಚೆಂಡುಗಳು, ಕಡಲಸೌತೆಗಳು, ಏಡಿಗಳು, ಸ್ಪಂಜುಗಳು, ಚಿಪ್ಪಿಲ್ಲದ ಬಸವನಹುಳುಗಳು. ಬೆನ್ನುಮೂಳೆ ಇಲ್ಲದ ಈ ಜೀವಿಗಳೆಲ್ಲ ಬಣ್ಣ ಕಳೆದುಕೊಂಡು ಬಿಳಿಚಿಕೊಂಡು ತಣ್ಣಗೆ ಕುಳಿತಿದ್ದವು.

ಇಕ್ಕಳ ಒಂದು ಕಪಾಟಿನತ್ತ ನೋಡಿದಳು. ಕೈಯಲ್ಲಿದ್ದ ಜಾಡಿಯತ್ತ ನೋಡಿದಳು. ಮತ್ತೆ ಕಪಾಟಿನತ್ತ ನೋಡಿದಳು.

“ಡಾಕ್ಟರಮ್ಮ, ಬೇರೆ ಜಾಡಿಗಳಲ್ಲಿ ಸ್ಪಿರಿಟ್ಟು ನೀರಿನ ಹಾಗಿದೆ. ಇದ್ರಲ್ಲಿ ಯಾಕೆ ಹಳದಿ?”

“ಗರಿನಕ್ಷತ್ರ ಅಲ್ವಾ, ಬಣ್ಣ ಬಿಡುತ್ತೆ. ಹೊಸಾ ಬಟ್ಟೆ ನೆನೆ ಹಾಕಿದ್ರೆ ಬಿಡಲ್ವಾ, ಹಾಗೇ.”

“ಯಾವಾಗ್ಲೂ ಬಿಡ್ತಾನೇ ಇರುತ್ತಾ?”

“ಇಲ್ಲಪ್ಪ. ಹೊಸದ್ರಲ್ಲಿ ಮಾತ್ರ. ಸ್ಪಿರಿಟ್ಟು ಬದಲಾಯಿಸ್ತಾ ಹೋದ್ರೆ ಕ್ರಮೇಣ...”

ಡಾಕ್ಟರಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಮೇಷ್ಟ್ರು ಇದನ್ನ ತಂದು ಎಷ್ಟು ಕಾಲವಾಗಿರಬಹುದು?” ಎಂದಳು ಇಕ್ಕಳ, ಏನೂ ಅರಿಯದವಳಂತೆ.

“ನಾನಿನ್ನೂ ಶಾಲೆಗೆ ಹೋಗ್ತಿದ್ದೆ. ನಾನು ಅವರನ್ನ ಕಣ್ಣಿಂದ ಕೂಡ ನೋಡಿದವಳಲ್ಲ ಮೇಡಂ. ನಾನು ಇಲ್ಲಿಗೆ ಬರೋ ಹೊತ್ತಿಗೆ ಅವರು ತೀರಿಕೊಂಡಿದ್ರು.” ಡಾಕ್ಟರಮ್ಮನ ದನಿ ಇಳಿಯಿತು. “ಅಂದ್ರೆ ಈ ಪ್ರಾಣಿ ಮೊನ್ನೆ ಮೊನ್ನೆವರೆಗೂ ಕಡಲಲ್ಲಿತ್ತು ಅಂತೀರಾ?”

“ನಾನೇನೂ ಹೇಳ್ತಿಲ್ಲ. ಹಳದಿ ಹೇಳ್ತಿದೆ.”

ಬಣ್ಣ ಬಿಟ್ಟು ಸತ್ಯ ಹೇಳಿದ ಆ ಸಣ್ಣ ಪ್ರಾಣಿಗೂ ಇಕ್ಕಳ ಮನಸ್ಸಿನಲ್ಲೇ ಒಂದು ಉಪಕಾರವಾಯ್ತು ಹೇಳಿದಳು. ಕದ್ದವನು ಯಾರೋ, ಹೊರಗಿನ ದಾರಿಹೋಕನಂತೂ ಅಲ್ಲ. ಜಾಡಿ ಹಳೆಯದೇ. ಒಳಗೆ ತೇಲುತ್ತಿದ್ದ ಲೇಬಲ್ಲೂ ಹಳೆಯದೇ, ಮೇಷ್ಟ್ರ ಪೆನ್ಸಿಲ್ಲಿನ ಗೀಚು ಹಾಗೇ ಇತ್ತು. ಒಳಗಿನ ಜೀವವೊಂದೇ ಬೇರೆ.

“ಹೊರಗೆ ತೆಗೆದು ತೋರಿಸ್ತೀರಾ?”

ಡಾಕ್ಟರಮ್ಮ ಚಿಮುಟವನ್ನು ಜಾಡಿಗಿಳಿಸಿ, ಪ್ರಾಣಿಯ ನಡುವಿಗೆ ಕಟ್ಟಿದ್ದ ಬಿಳಿ ದಾರದ ಕುಣಿಕೆಯನ್ನು ಹಿಡಿದು ಎತ್ತಿದರು. ಗರಿನಕ್ಷತ್ರ ಬಿಳಿ ತಟ್ಟೆಯ ಮೇಲೆ ಬಂದು ಕುಳಿತಿತು. ಒಂದೊಂದು ತೋಳೂ ಹರಡಿಕೊಂಡು, ಒಂದೊಂದು ಎಳೆಯೂ ಬಿಡಿಬಿಡಿಯಾಗಿ, ನೋಡಿದರೆ ಕಣ್ಣಿಗೆ ಹಬ್ಬ.

“ಎಷ್ಟು ಚೆನ್ನಾಗಿದೆ!” ಎಂದುಬಿಟ್ಟಳು ಇಕ್ಕಳ.

“ಸುಮ್ನೆ ಹೀಗಾಗಲ್ಲ. ಜೀವಂತ ಇರೋದನ್ನ ನೇರ ಸ್ಪಿರಿಟ್ಟಿಗೆ ಹಾಕಿದ್ರೆ ಮುದುಡಿಕೊಂಡು ತೋಳೆಲ್ಲಾ ಕಳಚ್ಕೊಳ್ಳುತ್ತೆ. ಉಪ್ಪುನೀರಲ್ಲಿಟ್ಟು, ಮಂಪರು ಬರಿಸೋ ಪುದೀನ ಹರಳು ಹಾಕಿ, ನಿಧಾನಕ್ಕೆ ಮಲಗಿಸಬೇಕು. ಮಗು ಮಲಗಿಸಿದ ಹಾಗೆ. ಅಷ್ಟು ತಾಳ್ಮೆ ಈಗ ಯಾರಿಗಿದೆ?”

“ಈ ದಾರ?”

“ಅದು ಮೇಷ್ಟ್ರ ದೋಣಿಯವರ ಪದ್ಧತಿ. ಪ್ರಾಣೀನ ಮುಟ್ಟದೆ ಎತ್ತಬಹುದಲ್ಲ.”

ಇಕ್ಕಳ ಬಗ್ಗಿದಳು. ದಾರದ ಗಂಟು ಕಂಡಿತು. ಇನ್ನೂ ಬಗ್ಗಿ ಮತ್ತೊಮ್ಮೆ ನೋಡಿದಳು.

“ಇದನ್ನ ಬಿಚ್ಚೋದು ಹೇಗೆ?” ಎಂದಳು.

“ಅಯ್ಯೋ, ಆ ಗಂಟು ನನ್ನ ಕೈಲಾಗಲ್ಲ. ಎಳೆದಷ್ಟೂ ಬಿಗಿಯುತ್ತೆ. ಬೇಕಾದಾಗ ಕತ್ತರಿ ಆಡಿಸಿ ಹೊಸ ದಾರ ಹಾಕಿಬಿಡ್ತೀನಿ.”

ಇಕ್ಕಳ ಗೋಣು ಆಡಿಸಿದಳು. ಆ ಗಂಟು ಎಳೆದರೆ ಬಿಗಿಯುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಕಾಲದಲ್ಲಿ ಅವಳ ಮಣಿಕಟ್ಟನ್ನು ದೋಣಿಯ ಕಂಬಿಗೆ ಕಟ್ಟಿಹಾಕಿದ್ದು ಅದೇ ಗಂಟು.

ಆಗ ಅವಳು ಇಲಾಖೆಗೆ ಸೇರಿದ ಹೊಸತು, ಈಜು ಬಾರದು. ಅವಳಿದ್ದ, ಜನ ತುಂಬಿದ ದೋಣಿ ಮಗುಚಿತು. ನೀರು ಕುಡಿದು ಕೆಳಕ್ಕೆ ಹೋಗುತ್ತಿದ್ದವಳ ಜಡೆಗೆ ಯಾರೋ ಕೈ ಹಾಕಿ ಮೇಲಕ್ಕೆಳೆದರು. ಅವನು, ಹತ್ತಿರದಲ್ಲೇ ಲಂಗರು ಹಾಕಿದ್ದ ಮೇಷ್ಟ್ರ ಸರ್ವೇ ದೋಣಿಯ ಮುಳುಗುಗಾರ. ದೋಣಿಗೆ ಹತ್ತಿಸಿದ ಮೇಲೂ ಅವಳು ಗಾಬರಿಯಲ್ಲಿ ಮತ್ತೆ ನೀರಿಗೆ ಹಾರಲು ಹೋದಾಗ ಅವನು ಕೈ ಕಟ್ಟಿಹಾಕಿದ. ಬೆಳಕು ಹರಿದ ಮೇಲೆ ನಗುತ್ತ ಬಂದು ಬಿಚ್ಚುವ ಗುಟ್ಟನ್ನೂ ಹೇಳಿಕೊಟ್ಟ. ಎಳೆಯಬಾರದು ತಂಗಿ, ಚಿಕ್ಕ ತುದಿಯನ್ನ ಒಳಕ್ಕೆ ಒತ್ತಬೇಕು, ತಾನಾಗೇ ಬಿಟ್ಕೊಳ್ಳುತ್ತೆ.

ಅಂದಿನಿಂದ ಅವನು ಅವಳಿಗೆ ಅಣ್ಣ. ಒಡಹುಟ್ಟಿದವರು ಇದ್ದರೂ ಅಣ್ಣ ಎಂದರೆ ಅವಳಿಗೆ ಅವನೇ. ಬೆಳಿಗ್ಗೆ ಎದ್ದು ಮೊದಲ ಉಸಿರು ಎಳೆದುಕೊಳ್ಳುವಾಗ ಇದು ಅಣ್ಣ ಕೊಟ್ಟದ್ದು ಎಂದುಕೊಳ್ಳದ ದಿನವಿಲ್ಲ.

ಆ ಅಣ್ಣ ಈಗ ಇದೇ ವಸ್ತುಸಂಗ್ರಹಾಲಯದಲ್ಲಿ ಜಾಡಿಗಳಿಗೆ ಸ್ಪಿರಿಟ್ಟು ತುಂಬುವ ಕೆಲಸದಲ್ಲಿದ್ದ. ಬಂದ ದಿನವೇ ಅವನನ್ನು ಇಲ್ಲಿ ಕಂಡು ಅವಳು ಹಿಗ್ಗಿ ಹೋಗಿದ್ದಳು. ಇವತ್ತು ಅವನ ಗಂಟು ಕಂಡ ಮೇಲೆ ಆ ಹಿಗ್ಗು ಉಳಿಯಲಿಲ್ಲ.

ನಿರ್ದೇಶಕರಿಂದ ಕರೆ ಬಂತು. ಇಕ್ಕಳ ಕೈ ಒರೆಸಿಕೊಂಡು ಎದ್ದಳು. ಚೀಲದ ನೆನಪೂ ಆಗಲಿಲ್ಲ.

ನಿರ್ದೇಶಕರಿಗೆ ಜಾಡಿಗಳಿದ್ದ ಸ್ಪಿರಿಟ್ ಕೋಣೆಯೆಂದರೆ ಆಗದು. ಆ ಕಡೆಯಿಂದ ಬಂದವರನ್ನು ಮಾತಾಡಿಸುವಾಗಲೂ ಕರವಸ್ತ್ರ ಮೂಗಿಗೇ ಹೋಗುತ್ತಿತ್ತು. ಆ ಕೋಣೆ ಖಾಲಿಯಾದರೆ ಅಲ್ಲಿ ಸ್ಮರಣಿಕೆಗಳ ಅಂಗಡಿ ತೆರೆಯುವ ಆಸೆ ಅವರಿಗಿತ್ತೆಂಬುದು ಕಾವಲುಗಾರನಿಗೂ ಗೊತ್ತಿತ್ತು. ಹಾಗಾಗಿ ಇಕ್ಕಳ ಅವರ ಮೇಲೂ ಒಂದು ಕಣ್ಣಿಟ್ಟೇ ಇದ್ದಳು. ಆ ಕೋಣೆಯ ಬೀಗದ ಕೈಗಳಲ್ಲಿ ಒಂದು ಡಾಕ್ಟರಮ್ಮನ ಬಳಿ, ಇನ್ನೊಂದು ಇವರ ಮೇಜಿನ ಖಾನೆಯಲ್ಲಿ.

“ಆ ಹುಳುಗಳ ವಿಷಯ ಎಲ್ಲಿಗೆ ಬಂತು?” ಎಂದರು.

“ಹುಳು ಅಲ್ಲ ಸಾರ್, ಗರಿನಕ್ಷತ್ರ.”

“ಎಂಥದೋ ಒಂದು. ನಾಳೆ ಬೆಳಿಗ್ಗೆ ಆಡಳಿತ ಮಂಡಳಿಯವರು ಬರ್ತಾರೆ. ಇವತ್ತು ಕಚೇರಿ ಮುಚ್ಚೋದ್ರೊಳಗೆ ನನಗೆ ಒಂದು ಹೆಸರು ಬೇಕು. ನೀವು ಕೊಡದಿದ್ರೆ ಡಾಕ್ಟರಮ್ಮನ ಹೆಸರೇ ಗತಿ. ಸಂಗ್ರಹದ ಹೊಣೆ ಅವರದ್ದು, ಮನೆಗೆ ಕಳಿಸ್ತೀನಿ. ಸಂಗ್ರಹಾನೂ ಬೇರೆ ಊರಿಗೆ ಕಳಿಸಿಬಿಡೋಣ.”

“ಇಪ್ಪತ್ತು ವರ್ಷದಿಂದ ಆ ಜಾಡಿಗಳನ್ನ ಕಣ್ಣಿನ ರೆಪ್ಪೆ ಹಾಗೆ ಕಾಯ್ದವರು ಅವರು.”

“ಅದಕ್ಕೇ ಬೇಜಾರು. ಆದ್ರೆ ನನ್ನ ತಲೆ ಮೇಲೆ ಬಂದು ಕೂತಿದೆಯಲ್ಲ?”

ಅವಳ ಕಣ್ಣು ನಿರ್ದೇಶಕರ ತಲೆಯ ಹಿಂದಿನ ಗೋಡೆಗೆ ಹೋಗಿತ್ತು. ಅಲ್ಲಿ ಚೌಕಟ್ಟಿನಲ್ಲಿ ಒಂದು ಚಿತ್ರ. ಮೇಷ್ಟ್ರೇ ಕೈಯಾರೆ ಬಿಡಿಸಿದ ಮೂಲ ಮಾದರಿಯ ಚಿತ್ರ.

ಚಿತ್ರದ ಗರಿನಕ್ಷತ್ರ ಮುದುಡಿಕೊಂಡಿತ್ತು. ತೋಳುಗಳು ಒಂದರೊಳಗೊಂದು ಸಿಕ್ಕಿಕೊಂಡು, ಒಂದು ತೋಳು ಬುಡದಲ್ಲೇ ಕಳಚಿಕೊಂಡು, ಒದ್ದೆ ಪೊರಕೆಯ ಹಾಗೆ.

“ಸಾರ್, ಇದು ಹೀಗ್ಯಾಕೆ ಇದೆ?”

“ಅದಾ? ಆವತ್ತು ದೋಣಿಗೆ ದೊಡ್ಡ ಅಲೆ ಹೊಡೆದು ಔಷಧಿ ಹರಳೆಲ್ಲಾ ಕಡಲು ಪಾಲಾಯ್ತಂತೆ. ಹಾಗಾಗಿ ನೇರ ಸ್ಪಿರಿಟ್ಟಿಗೇ ಹಾಕಿದ್ರಂತೆ. ಬಂದವರಿಗೆಲ್ಲಾ ಈ ಕಥೆ ಹೇಳಿ ಹೇಳಿ ನಂಗೂ ಬಾಯಿಪಾಠ.”

ಇಕ್ಕಳ ಮನಸ್ಸಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಳು. ಇಲ್ಲಿ ಒದ್ದೆ ಪೊರಕೆ, ಅಲ್ಲಿ ಕಣ್ಣಿಗೆ ಹಬ್ಬ. ಮೋಸ ಮಾಡುವವನು ನಕಲನ್ನು ಅಸಲಿನಂತೆ ಮಾಡುತ್ತಾನೆ. ಇಲ್ಲಿ ಬದಲಿಯಿಟ್ಟವನು ಅಸಲಿಗಿಂತ ಚೆನ್ನಾಗಿ ಮಾಡಿದ್ದ. ಕಳ್ಳನಾದವನು ಇಂಥ ತಪ್ಪು ಮಾಡುವುದಿಲ್ಲ. ಆ ದೋಣಿಯಲ್ಲಿ ಪಳಗಿದ ಕೈ ಮಾತ್ರ ಮಾಡುತ್ತದೆ.

“ದೊಡ್ಡ ಉಪಕಾರವಾಯ್ತು ಸಾರ್,” ಎಂದು ಹೊರಬಂದಳು. ಉಪಕಾರವಾಯ್ತು ಎನ್ನುವಾಗ ಅವಳ ಬಾಯಿ ಕಹಿಯಾಗಿದ್ದು ಅದೇ ಮೊದಲು.

ಹಿತ್ತಿಲಂಗಳದಲ್ಲಿ ಅಣ್ಣ ಜಾಡಿ ತೊಳೆಯುತ್ತಿದ್ದ. ತೊಳೆದವನ್ನು ಬಿಸಿಲಿಗೆ ಬೋರಲು ಹಾಕಿ, ಒಂದೊಂದನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದ, ಬಿರುಕಿದ್ದರೆ ತಿಳಿಯಲೆಂದು. ನೀರಿನಡಿಯ ದುಡಿಮೆ ಅವನ ಎದೆಗೂಡನ್ನು ತಿಂದುಹಾಕಿತ್ತು. ನಾಲ್ಕು ಮಾತಿಗೆ ಒಮ್ಮೆ ಕೆಮ್ಮು.

“ಬಾ ತಂಗಿ, ಬಾ. ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ? ಟೀ ತರಿಸ್ಲಾ?”

“ಬೇಡ ಅಣ್ಣ.”

“ನಿರ್ದೇಶಕರು ಮೂಗು ಮುಚ್ಕೊಂಡು ಬೈದ್ರಾ? ತಲೆ ಕೆಡಿಸ್ಕೋಬೇಡ. ಆ ಕರವಸ್ತ್ರದೊಳಗೆ ಅರ್ಧ ಬೈಗುಳ ಉಳಿದುಹೋಗುತ್ತೆ.”

ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತು ಅವನ ಕೈಗಳನ್ನೇ ನೋಡಿದಳು. ಜಡೆ ಹಿಡಿದು ಎತ್ತಿದ ಕೈ.

“ಅಣ್ಣ, ಗರಿನಕ್ಷತ್ರಕ್ಕೆ ದಾರ ಕಟ್ಟಿದ್ದು ಯಾರು?”

“ಮೇಷ್ಟ್ರ ಕಾಲದ್ದು. ನಾನೇ ಕಟ್ಟಿರ್ತೀನಿ. ನೆನಪೆಲ್ಲಿರುತ್ತೆ?”

“ಹಳೇದಲ್ಲ. ಈಗ ಜಾಡೀಲಿರೋದು.”

ಅಣ್ಣ ಜಾಡಿ ತಟ್ಟುವುದನ್ನು ನಿಲ್ಲಿಸಿದ.

“ಹಳೇದು, ಹೊಸದು ಅಂತೇನಿದೆ? ಒಂದೇ ಅಲ್ವಾ ಇರೋದು?”

“ನನ್ನ ಮುಂದೆ ಬೇಡ ಅಣ್ಣ. ಯಾರ ಮುಂದೆ ಬೇಕಾದ್ರೂ ಸುಳ್ಳು ಹೇಳು, ನಾನು ಪಕ್ಕದಲ್ಲಿ ನಿಂತು ಹೌದು ಹೌದು ಅಂತೀನಿ. ನನ್ನ ಮುಂದೆ ಮಾತ್ರ ಬೇಡ. ನಿನ್ನ ಗಂಟು ನಂಗೆ ಗೊತ್ತಾಗಲ್ವಾ?”

ಅಣ್ಣ ಬಹಳ ಹೊತ್ತು ಕೆಮ್ಮಿದ. ಅದರಲ್ಲಿ ಅರ್ಧ ನಿಜದ ಕೆಮ್ಮು, ಇನ್ನರ್ಧ ಮಾತು ಹುಡುಕಲು. ಆಮೇಲೆ ಕೈ ಒರೆಸಿಕೊಂಡು ಅವಳ ಎದುರಿಗೆ ಮೆಟ್ಟಿಲ ಮೇಲೆ ಕುಳಿತ.

“ನಿಂಗೆ ಗೊತ್ತಾಗುತ್ತೆ ಅಂತ ಗೊತ್ತಿತ್ತು. ಈ ಕೆಲಸಕ್ಕೆ ನಿನ್ನನ್ನೇ ಕರೆಸ್ತಾರೆ ಅಂತ ಮಾತ್ರ ಗೊತ್ತಿರ್ಲಿಲ್ಲ.”

“ಯಾಕಣ್ಣ? ಕದಿಯೋ ಬುದ್ಧಿ ನಿನಗೆ ಯಾವಾಗಿಂದ ಬಂತು?”

“ಕದ್ದಿಲ್ಲ ತಂಗಿ!” ಅವನ ದನಿ ಏರಿತು. “ಇಟ್ಟಿದ್ದು ನಾನು. ತೆಗೆದಿದ್ದು ನಾನಲ್ಲ. ಸ್ಪಿರಿಟ್ಟು ತುಂಬೋಕೆ ಅಂತ ಜಾಡಿ ಇಳಿಸಿ ನೋಡಿದ್ರೆ ಒಳಗೆ ಲೇಬಲ್ಲೊಂದೇ ತೇಲ್ತಾ ಇತ್ತು. ಪ್ರಾಣಿ ಇರ್ಲಿಲ್ಲ.”

“ಡಾಕ್ಟರಮ್ಮನಿಗೆ ಹೇಳಬೇಕಿತ್ತು.”

“ಹೇಗೆ ಹೇಳ್ಲಿ? ನಿರ್ದೇಶಕರು ಕಾಯ್ತಾ ಇರೋದೇ ಅದಕ್ಕೆ. ಜಾಡಿ ಖಾಲಿ ಅಂತ ಗೊತ್ತಾದ್ರೆ ಮೊದ್ಲು ಹೋಗೋದು ಅವರ ತಲೆ. ಎದೆ ಹೋದೋನು ಅಂತ ಎಲ್ಲರೂ ನನ್ನ ಕೈಬಿಟ್ಟಾಗ ಕರೆದು ಕೆಲಸ ಕೊಟ್ಟೋರು ಅವರು. ಆಸ್ಪತ್ರೇಲಿ ಬಿದ್ದಿದ್ದಾಗ ಸ್ವಂತ ಬಳಗ ತಿರುಗಿ ನೋಡ್ಲಿಲ್ಲ. ಇವರು ಬಿಸಿನೀರಿನ ಫ್ಲಾಸ್ಕು ಹಿಡ್ಕೊಂಡು ದಿನಾ ಬರ್ತಿದ್ರು. ಆ ಋಣ ಹೇಗೆ ತೀರಿಸ್ಲಿ ಹೇಳು? ನನಗೆ ಬರೋ ವಿದ್ಯೆ ಒಂದೇ. ನೀರಿಗಿಳಿಯೋದು.”

“ಈ ಎದೆ ಇಟ್ಕೊಂಡಾ?”

“ಉಬ್ಬರ ಇಳಿದಾಗ ಮಂಡಿಯುದ್ದ ನೀರು. ರಜೆ ಹಾಕಿ ಭಾವಮೈದುನನ ದೋಣೀಲಿ ಅದೇ ದಿಬ್ಬಕ್ಕೆ ಹೋದೆ. ಅಲ್ಲೇ ಬಂಡೆ ಸಂದೀಲಿ ಸಿಕ್ತು. ನನ್ನ ಕಣ್ಣಿಗೆ ಅದೇ ಥರ ಕಾಣಿಸ್ತು. ಪಂಡಿತರ ಕಣ್ಣು ಬೇರೇನೇ ಬಿಡು.” ಅವನು ತಲೆ ಕೆರೆದುಕೊಂಡ. “ಆಮೇಲೆ ಸ್ಪಿರಿಟ್ಟು ಬದಲಾಯಿಸ್ತಾನೇ ಇದ್ದೆ. ಹಾಳಾದ್ದು, ಹಳದಿ ಬಿಡ್ತಾನೇ ಇತ್ತು.”

ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ.

“ಅಲ್ಲ ಅಣ್ಣ, ಹಳೇದು ಮುದುಡಿಕೊಂಡಿತ್ತು. ನೀನೇ ದೋಣೀಲಿದ್ದೆ. ಇದನ್ನೂ ಹಾಗೇ ಸ್ಪಿರಿಟ್ಟಿಗೆ ಎಸೆದಿದ್ರೆ ಅರ್ಧ ಜನಕ್ಕೆ ಗೊತ್ತಾಗ್ತಾನೇ ಇರ್ಲಿಲ್ಲ.”

“ಗೊತ್ತು. ಎಸೆಯೋಣ ಅಂತಾನೇ ಕೂತೆ.” ಅಣ್ಣ ತನ್ನ ಕೈಗಳನ್ನೇ ನೋಡಿಕೊಂಡ. “ಆದ್ರೆ ಮೇಷ್ಟ್ರ ಹೆಸರಿರೋ ಜಾಡಿ ಅದು. ಅವರು ನನ್ನನ್ನ ಕೂಲಿಯೋನು ಅಂತ ನೋಡ್ಲಿಲ್ಲ ತಂಗಿ, ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಟ್ರು. ಜೀವ ತೆಗೀತಾ ಇದೀವಿ, ಅದಕ್ಕೆ ನೋವಾಗದ ಹಾಗೆ ಮಲಗಿಸೋಣ ಅಂತಿದ್ರು. ಅವರ ಜಾಡೀಗೆ ಕೆಟ್ಟದಾಗಿ ಮಾಡಿ ಹಾಕೋಕೆ ನನ್ನ ಕೈ ಬರ್ಲಿಲ್ಲ.”

ಇಕ್ಕಳ ಮುಖ ಆಚೆ ತಿರುಗಿಸಿದಳು. ಇಂಥ ಮನುಷ್ಯನ ಕೈಯಿಂದ ತನಗೆ ಜೀವ ಸಿಕ್ಕಿತಲ್ಲ ಎಂದು ಮನಸ್ಸು ತುಂಬಿ ಬಂತು. ಅವನ ಹೆಸರನ್ನು ಹೋಗಿ ನಿರ್ದೇಶಕರಿಗೆ ಒಪ್ಪಿಸುವುದೆಂದರೆ ತನ್ನ ಉಸಿರನ್ನು ತಾನೇ ಅಡವಿಟ್ಟಂತೆ. ಒಪ್ಪಿಸದಿದ್ದರೆ ಡಾಕ್ಟರಮ್ಮ ನಾಳೆಯಿಂದ ಮನೆಯಲ್ಲಿ. ತೆಗೆದವರು ಯಾರೆಂದು ಈಗಲೇ ತಿಳಿಯಬೇಕು. ಬೇರೆ ದಾರಿಯಿಲ್ಲ.

“ಖಾಲಿ ಜಾಡೀಲಿ ಲೇಬಲ್ಲೊಂದೇ ಇತ್ತಾ? ಬೇರೇನೂ ಇರ್ಲಿಲ್ವಾ? ಚೆನ್ನಾಗಿ ಯೋಚನೆ ಮಾಡು.”

ಅಣ್ಣ ಅಂಗಿಯ ಜೇಬಿಗೆ ಕೈಹಾಕಿ ಒಂದು ಬೆಂಕಿಪೊಟ್ಟಣ ತೆಗೆದ. ಒಳಗೆ ಕಡ್ಡಿಗಳಿರಲಿಲ್ಲ. ಸುರುಳಿ ಸುತ್ತಿದ ಒಂದು ದಾರವಿತ್ತು.

“ತಳದಲ್ಲಿ ಇದು ಬಿದ್ದಿತ್ತು. ಹಳೇ ದಾರ. ಆವತ್ತು ಅಲೆ ಹೊಡೆಯೋವಾಗ ನಾನೇ ಕಟ್ಟಿದ್ದು. ಬಿಸಾಕೋಕೆ ಮನಸ್ಸಾಗ್ಲಿಲ್ಲ.”

ಇಕ್ಕಳ ಅದನ್ನು ಅಂಗೈ ಮೇಲೆ ಬಿಡಿಸಿದಳು. ವರ್ಷಗಟ್ಟಲೆ ಸ್ಪಿರಿಟ್ಟಿನಲ್ಲಿ ಬಿಗಿದು ಕುಳಿತಿದ್ದ ದಾರ, ಗಂಟು ಹೋದರೂ ಗಂಟಿನ ಸುರುಳಿ ಹೋಗಿರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿದಳು. ಎಲ್ಲೂ ತುಂಡಾಗಿರಲಿಲ್ಲ.

“ಕತ್ತರಿಸಿಲ್ಲ,” ಎಂದಳು.

“ಇಲ್ಲ.”

“ಹರಿದಿಲ್ಲ.”

“ಅದನ್ನೇ ನಾನೂ ಎಷ್ಟೋ ಸಲ ನೋಡಿದೆ. ಬಿಚ್ಚಿದ್ದಾರೆ. ನಾಜೂಕಾಗಿ, ಅದರ ಮೈಗೆ ನೋವಾಗದ ಹಾಗೆ.”

“ಈ ಗಂಟು ಬಿಚ್ಚೋಕೆ ಯಾರ್ ಯಾರಿಗೆ ಬರುತ್ತೆ ಅಣ್ಣ?”

“ನನಗೆ. ನನ್ನಿಂದ ಕಲಿತ ಮೇಷ್ಟ್ರಿಗೆ ಬರ್ತಿತ್ತು. ಆಮೇಲೆ ನಿನಗೆ.”

“ಅಷ್ಟೇನಾ?”

“ನಾನು ಹೇಳಿಕೊಟ್ಟಿರೋದು ಅಷ್ಟೇ. ಮೇಷ್ಟ್ರು ಯಾರಿಗಾದ್ರೂ ಹೇಳಿಕೊಟ್ಟಿದ್ರೋ ಏನೋ. ಪಾಠ ಊರಿಗೆಲ್ಲಾ ಹೇಳ್ತಿದ್ರು. ಗಂಟು ಹೇಳಿಕೊಟ್ಟಿದ್ರೆ ಮಾತ್ರ ಅವರ ಮಡಿಲಲ್ಲಿ ಬೆಳೆದೋರಿಗೇ ಇರಬೇಕು.”

ಹಿಂದಿನ ಬಾಗಿಲು ಕಿರ್ರೆಂದಿತು. ಡಾಕ್ಟರಮ್ಮ ಬಂದರು. ಅತ್ತು ಮುಖ ತೊಳೆದುಕೊಂಡಂತಿತ್ತು. ಆದರೂ ನಗು ತಂದುಕೊಂಡಿದ್ದರು.

“ಇಲ್ಲಿದ್ದೀರಾ ಮೇಡಂ? ಚೀಲಾನ ನನ್ನ ಮೇಜಿನ ಮೇಲೇ ಬಿಟ್ಟು ಬಂದಿದ್ರಿ. ಬಾಯಿ ತೆರೆದೇ ಇತ್ತು, ಏನಾದ್ರೂ ಬಿದ್ದುಹೋಗುತ್ತೆ ಅಂತ ಕಟ್ಟಿಕೊಂಡು ತಂದೆ.” ಅವರು ಅಣ್ಣನ ಕಡೆ ತಿರುಗಿದರು. “ನೀನು ಮಾತ್ರೆ ತಗೊಂಡ್ಯೇನಪ್ಪಾ? ಬಿಸಿಲಲ್ಲಿ ಕೂತಿದ್ದೀಯಲ್ಲ!”

ಅಣ್ಣನ ಮುಖ ಅರಳಿತು. “ತಗೊಂಡೆ ಅಮ್ಮಾ.”

ಇಕ್ಕಳ ಚೀಲ ತೆಗೆದುಕೊಂಡಳು. ಉಪಕಾರವಾಯ್ತು ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಚೀಲದ ಗಂಟಿನ ಮೇಲೆ ಕಣ್ಣು ಬಿತ್ತು.

ಅಣ್ಣ ಕಲಿಸಿದ ಗಂಟನ್ನು ಅವಳು ದಿನಾ ಕಟ್ಟುತ್ತಿದ್ದುದು ಒಂದೇ ಕಡೆ, ಈ ಚೀಲದ ಬಾಯಿಗೆ. ತಂಗಿಯ ಮಕ್ಕಳು ಹಲ್ಲಿನಿಂದ ಕಚ್ಚಿ ಎಳೆದೂ ಬಿಚ್ಚಲಾರದೆ ಸೋತಿದ್ದರು. ಬೆಳಿಗ್ಗೆ ಅದನ್ನು ಡಾಕ್ಟರಮ್ಮ ನೋಡದೆಯೇ ಬಿಚ್ಚಿದ್ದರು, ಹೆಬ್ಬೆರಳಿನಿಂದ ಒಮ್ಮೆ ಒತ್ತಿ. ಕನ್ನಡಕವಿಲ್ಲದ ಕಣ್ಣಿಗೂ ಅದು ಕಂಡಿತ್ತು, ಬುದ್ಧಿಗೆ ಮಾತ್ರ ಈಗ ಹೊಳೆಯಿತು.

ಈಗ ಚೀಲದ ಬಾಯಿ ಮತ್ತೆ ಕಟ್ಟಿತ್ತು. ಅದೇ ಗಂಟಿನಲ್ಲಿ, ಅವಳು ಕಟ್ಟುವುದಕ್ಕಿಂತ ಅಚ್ಚುಕಟ್ಟಾಗಿ.

“ಏನಮ್ಮಾ, ಹೆಸರು ಸಿಕ್ತಾ?” ಮೇಲಿನ ಕಿಟಕಿಯಿಂದ ನಿರ್ದೇಶಕರು ಕೂಗಿದರು. ಕರವಸ್ತ್ರ ಮೂಗಿನ ಮೇಲೇ ಇತ್ತು. “ಕಚೇರಿ ಮುಚ್ಚೋ ಹೊತ್ತಾಯ್ತು!”

ಅಣ್ಣ ಡಾಕ್ಟರಮ್ಮನ ಅತ್ತ ಕಣ್ಣುಗಳನ್ನು ಒಮ್ಮೆ ನೋಡಿದ. ಮಂಡಿಯ ಮೇಲೆ ಕೈಯೂರಿ ಎದ್ದು ನಿಂತ.

“ಸಿಕ್ತು ಸಾರ್!” ಎಂದ. “ನಾನೇ. ತೆಗೆದಿದ್ದೂ ನಾನೇ, ಬೇರೆ ಇಟ್ಟಿದ್ದೂ ನಾನೇ. ಅಮ್ಮನಿಗೆ ಇದ್ರಲ್ಲಿ ಏನೂ ಗೊತ್ತಿಲ್ಲ.”

“ಅಣ್ಣಾ!” ಎಂದಳು ಇಕ್ಕಳ.

“ಸುಮ್ನಿರು ತಂಗಿ. ಈ ಮುರುಕು ಎದೆಗೆ ಇನ್ನು ಯಾವ ಕೆಲಸ ಹೋದ್ರೇನು?”

ಇಕ್ಕಳ ಡಾಕ್ಟರಮ್ಮನನ್ನು ನೋಡಿದಳು. ಇಲ್ಲ ಎನ್ನಲಿ, ಅವನಲ್ಲ ಎನ್ನಲಿ, ಒಂದು ಮಾತಾಡಲಿ ಎಂದು ಕಾದಳು. ಫ್ಲಾಸ್ಕು ಹಿಡಿದು ಆಸ್ಪತ್ರೆಗೆ ದಿನಾ ನಡೆದಿದ್ದ ಆ ಹೆಂಗಸು ಸೆರಗಿನ ತುದಿಯನ್ನು ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದರು.

ಇಕ್ಕಳ ಚೀಲವನ್ನು ಅವರ ಮುಖದ ಮುಂದೆ ಎತ್ತಿ ಹಿಡಿದಳು. ಗಂಟಿನ ಚಿಕ್ಕ ತುದಿಯ ಮೇಲೆ ಹೆಬ್ಬೆರಳಿಟ್ಟು ಒಳಕ್ಕೆ ಒತ್ತಿದಳು. ಗಂಟು ತಾನಾಗಿ ಬಿಟ್ಟುಕೊಂಡಿತು. ಅಣ್ಣ ಅದನ್ನು ಕಂಡ.

“ಆ ಗಂಟು ಕೈಲಾಗಲ್ಲ ಅಂದ್ರಿ, ಮೇಷ್ಟ್ರನ್ನ ಕಣ್ಣಿಂದ ಕೂಡ ನೋಡಿಲ್ಲ ಅಂದ್ರಿ ಡಾಕ್ಟರಮ್ಮ,” ಎಂದಳು ಮೆಲ್ಲಗೆ. “ಹಾಗಾದ್ರೆ ಈ ಗಂಟು ನಿಮಗೆ ಹೇಳಿಕೊಟ್ಟಿದ್ದು ಯಾರು?”